ಪಕ್ಕದ ಮೇಜಿನ ಕೆಲಸ

2023ರ ಬೇಸಿಗೆ. ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಎಂದಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಆ ಬೆಲೆ ಸಿಗುತ್ತಿರಲಿಲ್ಲ. ಶೆಟ್ಟಿಕೆರೆಯ ನನ್ನ ನೆರೆಮನೆಯವರ ಅಟ್ಟದಲ್ಲಿ ವರ್ಷದ ಕಾಯಿ ಹಾಗೇ ಬಿದ್ದಿತ್ತು. ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುತ್ತಿತ್ತು; ಒಣಗಿದೆ, ಒಡೆಯಬಹುದು. ಒಡೆದು ಮಾರುವುದು ಯಾವ ಬೆಲೆಗೆ? ಅಂಥ ದಿನಗಳಲ್ಲೇ ಅವರ ಮಗ, ನನ್ನ ಹಳೆಯ ವಿದ್ಯಾರ್ಥಿ, ಬೆಂಗಳೂರಿನಿಂದ ಬಂದು ನಮ್ಮ ಜಗಲಿಯಲ್ಲಿ ಕುಳಿತ.

ಅವನ ಕಂಪೆನಿಗೆ ವಿದೇಶಿ ಸರ್ಕಾರವೊಂದರ ದೊಡ್ಡ ಗುತ್ತಿಗೆ ಸಿಕ್ಕಿತ್ತಂತೆ. ಜನ ತಮ್ಮ ಆಳುವವರನ್ನು ಬದಲಿಸಲಾಗದ ದೇಶ ಅದು. ರಸ್ತೆಯ ಕ್ಯಾಮರಾದಲ್ಲಿ ಕಂಡ ಮುಖವನ್ನು ಫೋನ್ ನಂಬರಿಗೆ ಜೋಡಿಸುವ ಕೆಲಸ. "ಕಳ್ಳರನ್ನ ಹಿಡಿಯೋಕೆ ಅಂತಾರೆ ಸಾರ್. ಅಲ್ಲಿ ಸರ್ಕಾರನ ಬೈದವನೂ ಕಳ್ಳನೇ" ಎಂದ. ಒಪ್ಪಿದರೆ ಸಂಬಳ ಏರುತ್ತದೆ, ಅಪ್ಪನ ಬೋರ್‌ವೆಲ್ ಸಾಲ ತೀರುತ್ತದೆ.

ನಾನು ಇನ್ಫೋಸಿಸ್‌ನ ಮಾತು ತೆಗೆದೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಈ ಬೆಂಗಳೂರಿನ ಕಂಪೆನಿಗೆ ಮಾಸ್ಕೋದಲ್ಲಿ ಕಚೇರಿಯಿತ್ತು. ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್ ಆಗ ಬ್ರಿಟನ್ನಿನ ಹಣಕಾಸು ಸಚಿವರು. ರಷ್ಯಾದಲ್ಲಿ ಹಣ ಹೂಡುವ ಮುನ್ನ ಯೋಚಿಸಿ ಎಂದು ಅವರು ಅಲ್ಲಿನ ಕಂಪೆನಿಗಳಿಗೆ ಹೇಳುತ್ತಿದ್ದರೆ, ಪತ್ರಕರ್ತರು ಅವರ ಪತ್ನಿಯ ಇನ್ಫೋಸಿಸ್ ಷೇರುಗಳ ಬಗ್ಗೆ ಕೇಳಿದರು. ಏಪ್ರಿಲ್‌ನಲ್ಲಿ ಕಂಪೆನಿಯ ಮುಖ್ಯಸ್ಥ ಸಲೀಲ್ ಪಾರೇಖ್ ರಷ್ಯಾದ ಕೆಲಸವನ್ನು ಹೊರಗೆ ಸಾಗಿಸುವುದಾಗಿ ಪ್ರಕಟಿಸಿದರು.

ಹುಡುಗ ನಕ್ಕ. "ಅಲ್ಲಿ ಇದ್ದಿದ್ದು ನೂರು ಜನಾನೂ ಇಲ್ಲ. ಅಷ್ಟು ಚಿಕ್ಕ ವ್ಯಾಪಾರ ಬಿಡೋದೇನು ಕಷ್ಟ ಸಾರ್?"

ಮಾತು ಸರಿಯೇ. ಲಾಭ ದೊಡ್ಡದಿದ್ದ ಕಡೆ ಕಥೆ ಬೇರೆ. ಚೀನಾದ ಪತ್ರಕರ್ತ ಶಿ ತಾವೊ 2004ರಲ್ಲಿ ಕಳಿಸಿದ ಒಂದು ಇ-ಮೇಲಿನ ಜಾಡನ್ನು ಯಾಹೂ ಅಲ್ಲಿನ ಅಧಿಕಾರಿಗಳಿಗೆ ಒಪ್ಪಿಸಿತು. 2005ರಲ್ಲಿ ಆತನಿಗೆ 10 ವರ್ಷ ಜೈಲಾಯಿತು. ಆಯಾ ದೇಶದ ಕಾನೂನು ಪಾಲಿಸಿದೆವು ಎಂಬುದು ಕಂಪೆನಿಯ ಸಮಜಾಯಿಷಿ. 2007ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್ ಆತನ ತಾಯಿಗೆ ತಲೆಬಾಗಿದರು. ಅಷ್ಟರಲ್ಲಿ ಮಗ ಜೈಲಿನಲ್ಲಿ ವರ್ಷಗಳನ್ನು ಕಳೆದಾಗಿತ್ತು. ಕಾನೂನೇ ಚಾಟಿಯಾಗಿರುವ ಕಡೆ 'ಕಾನೂನು ಪಾಲಿಸಿದೆವು' ಎಂದರೆ ಏನರ್ಥ?

ಲಾಭ ಬಿಟ್ಟವರೇ ಇಲ್ಲವೆಂದಲ್ಲ ಎಂದೆ. ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಭಾರತೀಯರನ್ನು ಕೀಳಾಗಿ ಕಾಣುತ್ತಿದ್ದ ದಕ್ಷಿಣ ಆಫ್ರಿಕಾದೊಡನೆ ಭಾರತ ವ್ಯಾಪಾರ ನಿಲ್ಲಿಸಿತು; ನಮ್ಮ ರಫ್ತಿನಲ್ಲಿ ಸುಮಾರು ಶೇ. 5ರಷ್ಟು ಹೋಯಿತು. ಹೆಮ್ಮೆಯಿಂದಲೇ ಹೇಳಿದೆ. ಹೇಳಿದ ಮೇಲೆ, 2022ರಿಂದ ನಾವು ರಾಶಿ ರಾಶಿ ಕೊಳ್ಳತೊಡಗಿದ ರಷ್ಯಾದ ಕಚ್ಚಾತೈಲ ನೆನಪಾಯಿತು. ಇಲ್ಲಿಂದ ಉತ್ತರಕ್ಕೆ ಕೊಬ್ಬರಿ ಒಯ್ಯುವ ಲಾರಿಯ ಡೀಸೆಲ್‌ನಲ್ಲಿ ಅದೂ ಸೇರಿದ್ದೀತು. ಸ್ವಲ್ಪ ಹೊತ್ತು ಸುಮ್ಮನಾದೆ.

ಅವನ ಅಪ್ಪ ಬೇಲಿಯಾಚೆಯಿಂದಲೇ ಕೇಳಿಸಿಕೊಳ್ಳುತ್ತಿದ್ದರು. "ಯಾರದೋ ಮನೆ ಮಗನ್ನ ಹಿಡ್ಕೊಡೋ ದುಡ್ಡಲ್ಲಿ ನನ್ ಸಾಲ ತೀರಿಸ್ಬೇಡ ಕಣಪ್ಪ. ಆದ್ರೆ ಕೆಲ್ಸಾನೂ ಕಳ್ಕೋಬೇಡ" ಎಂದರು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನಾನು ಕೇಳಲಿಲ್ಲ. ಅವರಿಗೂ ಗೊತ್ತಿತ್ತು.

ತಿಂಗಳ ಮೇಲೆ ಹುಡುಗನ ಫೋನು ಬಂತು. ತನಗೆ ಬೇರೆ ತಂಡ ಬೇಕೆಂದು ಕೇಳಿದ್ದನಂತೆ. ಕೊಟ್ಟಿದ್ದಾರೆ, ಸಂಬಳ ಏರಲಿಲ್ಲ. "ಆ ಕೆಲಸ?" ಎಂದೆ.

"ಪಕ್ಕದ ಮೇಜಿನ ಹುಡುಗ ಮಾಡ್ತಿದ್ದಾನೆ ಸಾರ್. ನನ್ನ ಹಾಗೇ, ಅವನ ಮನೇಲೂ ಸಾಲ ಇದೆ."