ಎದೆಯ ಮೇಲಿನ ಬಂದೂಕು

ನಮ್ಮ ಗುಬ್ಬಿ ಸೀಮೆಯ ಯಾವ ಸಂತೆ, ಜಾತ್ರೆಗೇ ಹೋಗಿ, ಬಟ್ಟೆ ಅಂಗಡಿ ಮುಂದೆ ಮಿಲಿಟರಿ ಡಿಸೈನಿನ ಪ್ಯಾಂಟು, ಎಕೆ-47 ಚಿತ್ರದ ಟೀ ಶರ್ಟು ನೇತಾಡುತ್ತಿರುತ್ತವೆ. ರಾಗಿ ಕೊಯ್ಯುವವರು, ತೆಂಗಿನಕಾಯಿ ಕೆಡವುವವರು, ಟ್ರ್ಯಾಕ್ಟರ್ ಓಡಿಸುವವರು ಎಲ್ಲರೂ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ, "ಗಟ್ಟಿ ಬಟ್ಟೆ ಸಾರ್, ಕೊಳೆ ಕಾಣಲ್ಲ" ಅನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಸುದ್ದಿಗೆಂದು ಬಿದರೆಹಳ್ಳ ಕಾವಲ್ ಕಡೆ ಹೋದಾಗ ಈ ಬಟ್ಟೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿ 3ರಂದು ಅಡಿಗಲ್ಲು ಬಿತ್ತು, 2023ರ ಫೆಬ್ರುವರಿ 6ರಂದು ಉದ್ಘಾಟನೆ ಆಯಿತು. ಕಾವಲ್ ಅಂದರೆ ದನ ಮೇಯುವ ಹುಲ್ಲುಗಾವಲು. ಮೈಸೂರು ಸೀಮೆಯ ಎಷ್ಟೋ ಕಾವಲುಗಳು ಅಮೃತಮಹಲ್ ದನಗಳಿಗೆ ಮೀಸಲಾಗಿದ್ದವು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು, ಫಿರಂಗಿ ಎಳೆದದ್ದು ಆ ಎತ್ತುಗಳೇ. ಸೈನ್ಯಕ್ಕೂ ಇಂಥ ನೆಲಕ್ಕೂ ನಂಟು ಇವತ್ತಿನದಲ್ಲ.

ಟೀ ಶರ್ಟಿನ ಮೇಲಿನ ಗನ್ನಿಗೆ ಆ ನಂಟಿಲ್ಲ. ಎಕೆ-47 ರಷ್ಯಾದ ಮಿಖಾಯಿಲ್ ಕಲಾಶ್ನಿಕೋವ್ ರೂಪಿಸಿದ ಬಂದೂಕು. ಅದು ಸೈನಿಕರ ಕೈಯಲ್ಲೂ ಇದೆ, ಭಯೋತ್ಪಾದಕರ ಕೈಯಲ್ಲೂ ಇದೆ. ಚಿತ್ರ ನೋಡಿದರೆ ಅದು ಯಾರ ಕೈಯದು ಅಂತ ಗೊತ್ತಾಗುವುದಿಲ್ಲ.

ಬಟ್ಟೆಯ ಕಥೆಯೂ ಅಷ್ಟೇ. ಕಾವಲಿನಲ್ಲಿ ಅಡಿಗಲ್ಲು ಇಟ್ಟ ಹಿಂದಿನ ದಿನವೇ, ಅಂದರೆ 2016ರ ಜನವರಿ 2ರಂದು, ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿಯಾಯಿತು. ದಾಳಿಕೋರರು ತೊಟ್ಟಿದ್ದು ಸೈನ್ಯದ ಥರದ್ದೇ ಬಟ್ಟೆ. ಆಮೇಲೆ ಸೈನ್ಯವು, ಜನ ಯೋಧರ ಥರದ ಬಟ್ಟೆ ಹಾಕಬೇಡಿ, ಅಂಗಡಿಯವರು ಮಾರಬೇಡಿ ಅಂತ ಕೇಳಿಕೊಂಡಿತು. 2022ರ ಸೇನಾ ದಿನದಂದು ಹೊಸ ಸಮವಸ್ತ್ರವೇ ಬಂತು. ಅದರ ಡಿಸೈನನ್ನು ಸೈನ್ಯ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅನುಮತಿ ಇಲ್ಲದೆ ಅದನ್ನು ತಯಾರಿಸಿ ಮಾರುವಂತಿಲ್ಲ.

ಕಾನೂನು ಏನು ಹೇಳುತ್ತದೆ? ತಾನು ಸೈನಿಕ ಅಂತ ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಥರದ ಉಡುಪು ಹಾಕಿದರೆ, ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊಲಕ್ಕೆ ಮಿಲಿಟರಿ ಪ್ಯಾಂಟ್ ಹಾಕಿಕೊಂಡು ಹೋಗುವವರು ಹೆದರಬೇಕಿಲ್ಲ. ಅದೇ ಬಟ್ಟೆಯಲ್ಲಿ ಟೋಲ್ ಹತ್ತಿರ "ನಾನು ಮಿಲಿಟರಿಯವನು" ಅಂದರೆ ಕಥೆ ಬೇರೆ.

ನಮಗೆ ಹೆಚ್ಚು ಚಿಂತೆ ಬೆಳಗ್ಗೆ ಐದಕ್ಕೆ ಎದ್ದು ರಸ್ತೆಯಲ್ಲಿ ಓಡುವ ಹುಡುಗರದು. ಅವರ ಮೈಮೇಲೂ ಇದೇ ಟೀ ಶರ್ಟು. ಅಗ್ನಿವೀರರಾಗಲು ವಯಸ್ಸಿನ ಮಿತಿ ಇದೆ, ಸೇರಿದರೆ ನಾಲ್ಕು ವರ್ಷ, ಆಮೇಲೆ ಕಾಯಂ ಆಗುವವರು ನೂರಕ್ಕೆ 25ರವರೆಗೆ ಮಾತ್ರ. ಅಂಥ ಒಬ್ಬ ಹುಡುಗ, ವಯಸ್ಸು ಮೀರಿದವನು, ನಮಗೆ ಹೇಳಿದ: "ಅಣ್ಣಾ, ಸೆಲೆಕ್ಷನ್ ಆಗಲಿಲ್ಲ. ಟೀ ಶರ್ಟ್ ಬಿಸಾಕೋಕೆ ಮನಸ್ಸು ಬರ್ತಿಲ್ಲ." ಅವನಿಗೆ ಬಿಸಾಕು ಅಂತ ನಾವು ಹೇಳಲಿಲ್ಲ. ಅವನ ಎದೆ ಮೇಲೆ ಇದ್ದದ್ದು ಗನ್ನಲ್ಲ, ಮೂರು ವರ್ಷದ ಓಟ.

ಇನ್ನೂ ಓಡುತ್ತಿರುವ ತಮ್ಮಂದಿರಿಗೆ ಒಂದು ಮಾತು. ಭರ್ತಿಗೆ ಮುಂಚೆ ಪೊಲೀಸರಿಂದ ನಡತೆಯ ವಿಚಾರಣೆ ನಡೆಯುತ್ತದೆ. ಶೋಕಿಗೆ ಸೈನಿಕ ಅಂತ ಹೇಳಿಕೊಂಡು ಒಂದು ಕೇಸು ಹಾಕಿಸಿಕೊಂಡರೆ ಓಡಿದ್ದೆಲ್ಲ ನೀರುಪಾಲು. ಅಂಗಡಿಯಲ್ಲಿ ಸಿಗುವ ಬಟ್ಟೆ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಸಮವಸ್ತ್ರ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಅದನ್ನು ದುಡಿದೇ ಪಡೆಯಬೇಕು.