ನೆರಳು ತೋರಿದ ಕಡೆ ಹಕ್ಕಿ

ಫೆಬ್ರುವರಿಯ ಮುಂಜಾವು. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಮೈಸೂರಿನ ಕುಕ್ಕರಹಳ್ಳಿ ಕೆರೆ. ವಾಯುವಿಹಾರದವರು ಆಗಲೇ ಒಂದು ಸುತ್ತು ಮುಗಿಸಿದ್ದಾರೆ. ನೀವು ಪೂರ್ವದ ದಂಡೆಯಲ್ಲಿ, ಇನ್ನೂ ಮೂಡದ ಸೂರ್ಯನಿಗೆ ಬೆನ್ನು ಹಾಕಿ ಕೂತಿದ್ದೀರಿ. ನೀರು, ಆಕಾಶ, ನಡುಗಡ್ಡೆಯ ಮರ ಎಲ್ಲವೂ ಬೂದು. ತುದಿಗೊಂಬೆಗಳಲ್ಲಿ ಕೂತ ಹೆಜ್ಜಾರ್ಲೆಗಳಿಗೆ ಆಕಾರವಿದೆ, ಬಣ್ಣವಿಲ್ಲ.

ಆರೂ ಮುಕ್ಕಾಲು ದಾಟುತ್ತದೆ. ಬೆನ್ನಿಗೆ ಬೆಚ್ಚಗಾಗುತ್ತದೆ. ಬಿಸಿಲು ಮರದ ನೆತ್ತಿ ಮುಟ್ಟಿ ಕೊಂಬೆಯಿಂದ ಕೊಂಬೆಗೆ ಇಳಿಯತೊಡಗುತ್ತದೆ. ದಿಗಂತದಿಂದ ವಾತಾವರಣದೊಳಗೆ ಅಷ್ಟು ದೂರ ಹಾದು ಬರುವಾಗ ಅದು ತನ್ನ ನೀಲಿಯನ್ನು ದಾರಿಯಲ್ಲೇ ಚೆದುರಿಸಿರುತ್ತದೆ. ಉಳಿದ ಹೊಂಬಣ್ಣದಲ್ಲಿ ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಚುಕ್ಕೆಗಳನ್ನು ಎಣಿಸಬಹುದು.

ನಿಮ್ಮ ನೆರಳು ಉದ್ದಕ್ಕೆ ನೀರಿನತ್ತ ಚಾಚಿದೆ. ಅದರ ನೇರಕ್ಕೆ, ಒಣಗೊಂಬೆಯ ಮೇಲೆ, ಬಿಳಿಗೊರಳಿನ ಮಿಂಚುಳ್ಳಿ. ಅಲುಗಬೇಡಿ. ಆ ರೆಕ್ಕೆಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆಗೆ ಬೆಳಕು ಬಡಿದು ಚೆದುರಿದಾಗ ಹುಟ್ಟುವ ನೀಲಿ ಅದು. ಹಕ್ಕಿ ತಲೆ ತಿರುಗಿಸುತ್ತದೆ, ಕಪ್ಪು ಕಣ್ಣಿನಲ್ಲಿ ಸೂರ್ಯನ ಒಂದು ಕಿಡಿ ಹೊತ್ತುತ್ತದೆ. ಈಗ ಒತ್ತಿ! ಆ ಕಿಡಿ ಇಲ್ಲದ ಹಕ್ಕಿಚಿತ್ರ, ಉಳಿದದ್ದೆಲ್ಲ ಎಷ್ಟೇ ಚೊಕ್ಕವಾಗಿರಲಿ, ನನಗೆ ಅರ್ಧ ಚಿತ್ರವೇ.

ದಡದಲ್ಲಿ ಬೆಳ್ಳಕ್ಕಿ ಇಳಿಯಿತು. ಹಿಂದೆಲ್ಲ ಕಪ್ಪು ನೀರು. ಕ್ಯಾಮೆರಾ ಆ ಕಪ್ಪನ್ನು ನಂಬಿ ಬೆಳಕು ಹೆಚ್ಚಿಸುತ್ತದೆ, ಗರಿಗಳು ಸುಣ್ಣ ಬಳಿದ ಗೋಡೆಯಾಗುತ್ತವೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ. ಎಳೆಎಳೆಯೂ ಮರಳಿ ಬಂತು, ನೋಡಿ.

ಎದ್ದು ಎದುರು ದಂಡೆಗೆ ನಡೆಯಿರಿ. ಈಗ ಸೂರ್ಯ ಮುಖಕ್ಕೇ. ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದೆ. ಬಣ್ಣ ಪೂರ್ತಿ ಹೋಗಿದೆ, ಆದರೆ ಗರಿಗಳ ಅಂಚಿಗೆ ಬೆಳಕಿನ ಗೆರೆ ಎಳೆದಿದೆ. ಇದನ್ನು ಕೆಟ್ಟ ಬೆಳಕೆಂದು ಬಿಟ್ಟು ಹೋಗುವವರೇ ಹೆಚ್ಚು. ಕಪ್ಪು-ಬಿಳುಪಿನಲ್ಲಿ ಕಾಡುಜೀವಿಗಳನ್ನು ಸೆರೆಹಿಡಿದ ಸಂಡೂರಿನ ಎಂ.ವೈ. ಘೋರ್ಪಡೆಯವರ 1983ರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕವನ್ನು ತಿರುವಿದರೆ ನೆರಳಿಗೂ ಎಷ್ಟು ಕೆಲಸವಿದೆ ಎಂದು ತಿಳಿಯುತ್ತದೆ. ಬಾಗಿ, ಕೊಕ್ಕು ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ.

ಒಂಬತ್ತೂವರೆ. ನೆರಳು ಕಾಲಬುಡಕ್ಕೆ ಸರಿಯುತ್ತಿದೆ, ನೀರು ಕಣ್ಣು ಕುಕ್ಕುತ್ತಿದೆ, ಹಕ್ಕಿಗಳ ಕಣ್ಣು ಹುಬ್ಬಿನ ಕೆಳಗೆ ಕತ್ತಲಾಗುತ್ತಿದೆ. ಇನ್ನು ಒತ್ತಿ ಪ್ರಯೋಜನವಿಲ್ಲ. ಲೆನ್ಸ್ ಮುಚ್ಚಿ ಇಡ್ಲಿ ತಿನ್ನಲು ಹೋಗೋಣ. ಸಂಜೆ ನಾಲ್ಕೂವರೆಗೆ ಮತ್ತೆ ಬನ್ನಿ, ಆಗ ಬಣ್ಣ ಬೇಕಾದವರಿಗೆ ಈ ಪಶ್ಚಿಮ ದಂಡೆಯೇ ಸರಿ.