ಬಾಬಾ ಹೆಣೆದ ಗುಡ್ಡ

1987ರ ಚಳಿಗಾಲ. ಬೆಲ್‌ಗ್ರೇಡಿನಲ್ಲಿ ಓದುತ್ತಿದ್ದ ನನ್ನನ್ನು ಸಹಪಾಠಿಯೊಬ್ಬಳು ತನ್ನ ಅಜ್ಜಿಯ ಊರಿಗೆ ಕರೆದೊಯ್ದಳು. ಸೆರ್ಬಿಯದ ಪಶ್ಚಿಮ ಭಾಗದಲ್ಲಿ, ಜ್ಲಾತಿಬೊರ್ ಗುಡ್ಡಗಳ ನಡುವಿನ ಸಿರೊಗೊಯ್ನೊ. ಹಿಮ ತುಳಿದುಕೊಂಡು ಮನೆ ಸೇರಿದಾಗ ಒಲೆಯ ಸುತ್ತ ಐದಾರು ಹೆಂಗಸರು ಸ್ವೆಟರ್ ಹೆಣೆಯುತ್ತ ಕೂತಿದ್ದರು. ಎದ್ದು ನಿಂತು ಮಾತಾಡಿಸಿದರು, ಕೈಯ ಕಡ್ಡಿಗಳು ಮಾತ್ರ ನಿಲ್ಲಲಿಲ್ಲ. ಅಲ್ಲಿ ಅಜ್ಜಿಗೆ ‘ಬಾಬಾ’ ಎನ್ನುತ್ತಾರೆ. ನಾನೂ ಹಾಗೇ ಕರೆದೆ.

ಬಾಬಾನ ಮಡಿಲಲ್ಲಿ ಕಿಟಕಿಯಾಚೆಯ ಗುಡ್ಡವೇ ಇತ್ತು: ಕಡಿದಾದ ಮಾಡಿನ ಮರದ ಮನೆ, ಬೇಲಿ, ಹಿಮ ಹೊತ್ತ ಮರಗಳು. ಬೂದು ಬಣ್ಣವೊಂದರಲ್ಲೇ ನಾಲ್ಕು ಛಾಯೆ. ವಿನ್ಯಾಸಕಿ ದೊಬ್ರಿಲಾ ವಸಿಲ್ಯೇವಿಚ್ ಸ್ಮಿಲ್ಯಾನಿಚ್ 1960ರ ದಶಕದಿಂದ ಇಲ್ಲಿನ ಹೆಂಗಸರ ಜೊತೆ ಕೂತು ಕಟ್ಟಿ ಬೆಳೆಸಿದ ಕಸುಬು ಇದು. ಊರಿನ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಅದಕ್ಕೆ ಐಸ್‌ಲ್ಯಾಂಡಿನ ಉಣ್ಣೆ ತರಿಸುತ್ತಿದ್ದರು. ಸುತ್ತಲ ಹಳ್ಳಿಗಳ ಸಾವಿರಕ್ಕೂ ಮಿಕ್ಕ ಹೆಂಗಸರು ಹಟ್ಟಿ, ಹೊಲದ ಕೆಲಸ ಮುಗಿಸಿ ಮನೆಯಲ್ಲೇ ಹೆಣೆದದ್ದು ದೂರದೂರದ ದೇಶಗಳಿಗೆ ಹೋಗುತ್ತಿತ್ತು.

ಮಾರನೆಯ ದಿನ ಬಾಬಾ ಚರ್ಚಿನ ಪಕ್ಕದ ದಿಣ್ಣೆಗೆ ಕರೆದೊಯ್ದಳು. ಬೇರೆ ಬೇರೆ ಊರುಗಳಿಂದ ಹಳೆಯ ಮರದ ಮನೆಗಳನ್ನು ಬಿಚ್ಚಿ ತಂದು ‘ಸ್ತಾರೊ ಸೆಲೊ’, ಅಂದರೆ ಹಳೆಯ ಹಳ್ಳಿ ಎಂಬ ಬಯಲು ವಸ್ತುಸಂಗ್ರಹಾಲಯ ಕಟ್ಟುತ್ತಿದ್ದರು. ನಡುವೆ ಒಲೆಯಿರುವ ದೊಡ್ಡ ಮನೆ. ಸುತ್ತ ಒಲೆಯಿಲ್ಲದ ಪುಟ್ಟ ಪುಟ್ಟ ‘ವಾಯತ್’ಗಳು, ಮದುವೆಯಾದ ಒಬ್ಬೊಬ್ಬ ಮಗನಿಗೆ ಒಂದೊಂದು. ನಮ್ಮ ಅವಿಭಕ್ತ ಕುಟುಂಬದಂಥ ‘ಜಾದ್ರುಗಾ’ದ ಬದುಕು ಅದು. ಬಾಬಾ ಒಂದು ವಾಯತ್‌ನೊಳಗೆ ಬಗ್ಗಿ ನೋಡಿ ಹೇಳಿದಳು: “ಇಂಥದ್ದಕ್ಕೇ ಮದುವಣಗಿತ್ತಿಯಾಗಿ ಬಂದೆ. ಒಲೆಯೂ ಒಂದೇ, ದುಡ್ಡಿನ ಪೆಟ್ಟಿಗೆಯೂ ಒಂದೇ. ಬೀಗದ ಕೈ ಮಾವನ ಹತ್ತಿರ. ಹೆಣಿಗೆಯ ದುಡ್ಡೇ ಮೊದಲು ನನ್ನ ಕೈಗೆ ಬಿದ್ದದ್ದು.” ಮಗಳನ್ನು ಊಜಿತ್ಸೆ ಪಟ್ಟಣದಲ್ಲಿ ಓದಿಸಿದ್ದು ಆ ದುಡ್ಡಿನಲ್ಲಿ. ಅದನ್ನು ಹೇಳುವಾಗ ಅವಳ ಬೆನ್ನು ನೆಟ್ಟಗಾಯಿತು.

ವಿದ್ಯಾರ್ಥಿವೇತನದಲ್ಲಿ ಉಳಿಸಿ ಅವಳು ಹೆಣೆದ ಸ್ವೆಟರೊಂದನ್ನು ಕೊಂಡೆ.

1992ರ ಮೇ ತಿಂಗಳಲ್ಲಿ, ಯುದ್ಧದ ಕಾರಣಕ್ಕೆ, ಆ ದೇಶದ ಮೇಲೆ ವಿಶ್ವಸಂಸ್ಥೆಯ ದಿಗ್ಬಂಧನ ಬಂತು. ಉಣ್ಣೆ ಒಳಗೆ ಬರುವುದೂ ನಿಂತಿತು, ಸ್ವೆಟರ್ ಹೊರಗೆ ಹೋಗುವುದೂ ನಿಂತಿತು. ಮರುವರ್ಷ ಹಣದುಬ್ಬರ ಎಷ್ಟಕ್ಕೇರಿತೆಂದರೆ 50,000 ಕೋಟಿ ದಿನಾರಿನ ನೋಟು ಅಚ್ಚಾಯಿತು. ಆ ಹೆಂಗಸರು ಯಾರ ಮೇಲೂ ಯುದ್ಧ ಹೂಡಿದವರಲ್ಲ. ಆದರೂ ಪೆಟ್ಟು ತಿಂದದ್ದು ಅವರ ಕೈ. ಈ ಸಂಕಟ ನನಗೆ ಇಂದಿಗೂ ಆರಿಲ್ಲ.

1996ರಲ್ಲಿ ಮತ್ತೆ ಹೋದೆ. ಹಳೆಯ ಹಳ್ಳಿಯ ಮನೆಗಳೆಲ್ಲ ಅಚ್ಚುಕಟ್ಟಾಗಿ ನಿಂತಿದ್ದವು. ಬಾಬಾನ ಒಲೆಯ ಬಳಿ ಅವಳೊಬ್ಬಳೇ. ನನ್ನ ಸ್ವೆಟರಿನ ಮೊಣಕೈ ಹರಿದದ್ದು ಕಂಡು ಬಿಚ್ಚಿಸಿಕೊಂಡಳು. ಮೊದಲು ಒಳಮೈ ತಿರುವಿ, ಹಿಂದೆ ಹಾಯ್ದ ಎಳೆಗಳನ್ನು ಬೆರಳಲ್ಲಿ ಸವರಿ ನೋಡಿದಳು. ಬುಟ್ಟಿಯಲ್ಲಿ ಐಸ್‌ಲ್ಯಾಂಡಿನ ಉಣ್ಣೆ ಒಂದೆಳೆಯೂ ಉಳಿದಿರಲಿಲ್ಲ. ಊರ ಕುರಿಯ ಬಿಳಿ ಉಣ್ಣೆಯಿಂದ ಕುಣಿಕೆಗೆ ಕುಣಿಕೆ ಕೂಡಿಸಿ ಕೊಟ್ಟಳು.

ಆ ಮೊಣಕೈ ಈಗಲೂ ಚುಚ್ಚುತ್ತದೆ.